ಮುಖಕ್ಕೆ ಹುಳಿನೀರು

ಜೂನ್ 2, ಸೋಮವಾರ

ಹಣೆ 14, ಎಡಗೆನ್ನೆ 11, ಬಲಗೆನ್ನೆ 9, ಗದ್ದ 6. ಬೆಳಿಗ್ಗೆ ಮಗಳು ಹಲ್ಲುಜ್ಜುವಾಗ ಹಿಂದೆ ನಿಂತು ಕನ್ನಡಿಯಲ್ಲಿ ಎಣಿಸಿದ್ದು. ಮೂಗಿನದು ಎಣಿಸುವಷ್ಟರಲ್ಲಿ ಬಚ್ಚಲ ಬಾಗಿಲು ದಢಾರನೆ ಹಾಕಿಕೊಂಡಳು.

ಲಾಂಡ್ರಿಯ ಹಳೇ ಮೆಷಿನ್ ರಿಜಿಸ್ಟರಿನಲ್ಲಿ ಕೊನೆಯ ಎಪ್ಪತ್ತು ಪುಟ ಖಾಲಿ ಉಳಿದಿತ್ತು. ಎಸೆಯಲು ಮನಸ್ಸು ಬರಲಿಲ್ಲ, ಮನೆಗೆ ತಂದೆ. ಪುಟದ ಮೇಲೆ ತಾರೀಖಿಗೆ ಜಾಗ, ಕೆಳಗೆ ಲೋಡು, ಬಿಸಿ, ಸೋಪು, ಷರಾ ಅಂತ ಅಂಕಣಗಳು. ಷರಾ ಅಂಕಣ ಅಗಲವಾಗಿದೆ, ಅದರಲ್ಲಿ ಬರೆಯುತ್ತಿದ್ದೇನೆ. ಯಾರಿಗೂ ತೋರಿಸಲಿಕ್ಕಲ್ಲ. ಮನೆಯಲ್ಲಿ ಬಾಯಿ ಬಿಟ್ಟರೆ ಜಗಳ, ಅದಕ್ಕೆ.

ವಿಷಯ ಇಷ್ಟು. ಹದಿನೇಳು ವರ್ಷದ ಮಗಳು ಮೂರು ತಿಂಗಳಿಂದ ಮಾಸ್ಕ್ ಹಾಕಿಕೊಂಡೇ ಓಡಾಡುತ್ತಿದ್ದಾಳೆ. ಕಾಯಿಲೆಯಿಲ್ಲ, ಕೆಮ್ಮಿಲ್ಲ. ಮೊಡವೆ. ಜುಲೈ 26ಕ್ಕೆ ಸನ್ನೆ ಭಾಷೆಯ ಕೋರ್ಸಿಗೆ ಸೇರುವ ಪರೀಕ್ಷೆ ಇದೆ, ಕಿವಿ ಕೇಳದವರಿಗೆ ದುಭಾಷಿಯಾಗುವ ಕೋರ್ಸು. ಹತ್ತು ವರ್ಷದವಳಿದ್ದಾಗಿನಿಂದ ಅದೊಂದೇ ಜಪ. ಈಗ ಅಲ್ಲಿಂದ ಕಾಗದ ಬಂದಿದೆ: ಕೂದಲು ಹಿಂದಕ್ಕೆ ಕಟ್ಟಿರಬೇಕು, ಮುಖ ಪೂರ್ತಿ ಕಾಣಬೇಕು, ಬಣ್ಣ ಪೌಡರು ಕೂಡದು. ಆ ಭಾಷೆಯಲ್ಲಿ ಅರ್ಧ ಮಾತು ಕೈಯದಾದರೆ ಇನ್ನರ್ಧ ಹುಬ್ಬು, ಕೆನ್ನೆ, ತುಟಿಯದಂತೆ. ಮಗಳು ಕಾಗದ ಓದಿದಳು, ನಾಲ್ಕು ಮಡಿಕೆ ಮಡಚಿದಳು, "ನಾನು ಹೋಗಲ್ಲ" ಅಂದಳು.

ಇನ್ನು ಐವತ್ತನಾಲ್ಕು ದಿನ ಇದೆ. ದಿನಕ್ಕೆ ಆರುನೂರು ಆಸ್ಪತ್ರೆ ಹಾಸುಬಟ್ಟೆ ಬೆಳ್ಳಗೆ ಮಾಡಿ ಕಳಿಸುವವಳು ನಾನು. ರಕ್ತ, ಔಷಧಿ, ಅಯೋಡಿನ್, ಯಾವ ಕಲೆ ನೋಡಿಲ್ಲ? ಒಂದು ಮುಖ ಯಾವ ಲೆಕ್ಕ.

ಜೂನ್ 4

ಹಣೆ 14, ಎಡ 12, ಬಲ 9, ಗದ್ದ 6.

ಊಟದ ಹೊತ್ತಿಗೆ ಹೇಳಿಯೇಬಿಟ್ಟೆ. "ಇವತ್ತಿಂದ ನಾನು ಹೇಳಿದ ಹಾಗೆ ಮುಖ ತೊಳೀತೀಯ. ದಿನಕ್ಕೆ ನಾಲ್ಕು ಸಲ. ಬಿಸಿ ನೀರು. ಜಿಡ್ಡು ಹೋಗೋವರೆಗೆ ಉಜ್ಜಬೇಕು." ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. "ಬೇಗ ಹೋಗುತ್ತಾ ಅಮ್ಮ?" ಅಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿ ಎಷ್ಟು ದಿನವಾಗಿತ್ತೋ.

ನಮ್ಮ ಮನೆಯವರು ಲಿಫ್ಟ್ ರಿಪೇರಿಗೆ ಹೋಗುವವರು. ದಿನವಿಡೀ ಮೇಲೆ ಕೆಳಗೆ ಓಡಾಡಿ ಬಂದು ಮನೆಯಲ್ಲಿ ಅಲ್ಲಾಡದೆ ಕೂರುತ್ತಾರೆ. "ನನ್ನ ಮುಖಾನೂ ಹೀಗೇ ಇತ್ತು, ನೀನು ಮದುವೆ ಆಗ್ಲಿಲ್ವಾ?" ಅಂದರು. "ನಂಗೆ ನಿಮ್ಮನ್ನ ಕರೆಂಟು ಹೋದಾಗ ತೋರ್ಸಿದ್ರು" ಅಂದೆ. ಮಗಳು ನಕ್ಕಳು. ನಗುವಾಗ ಕೈ ತಾನಾಗಿ ಬಾಯಿಗೆ ಅಡ್ಡ ಹೋಯಿತು.

ಜೂನ್ 7

ಹಣೆ 12! ಎಡ 11, ಬಲ 9, ಗದ್ದ 5.

ಮೈಸೋಪು ಸಾಲದು ಅನ್ನಿಸಿ ಬಟ್ಟೆ ಸೋಪಿನ ಬಿಲ್ಲೆ ಕೊಟ್ಟಿದ್ದೆ. ತೊಳೆದ ಮೇಲೆ ಬೆರಳಿಟ್ಟು ಎಳೆದರೆ ಕಿರ್ ಅನ್ನಬೇಕು, ಅದೇ ಶುಭ್ರದ ಗುರುತು, ಅಂತ ತೋರಿಸಿಕೊಟ್ಟೆ. ಕಿರ್ ಅಂದಿತು. ಒರಟು ಟವಲಿನಲ್ಲಿ ಒರೆಸಿಕೊಂಡು ಕೆಂಪಗೆ ಹೊಳೆಯುತ್ತಾ ಬಂದಳು. ಎರಡು ಗಂಟೆಯಾಗುವಷ್ಟರಲ್ಲಿ ಹಣೆ ಮತ್ತೆ ಜಿಡ್ಡು ಜಿಡ್ಡು. ಎಲ್ಲಿಂದ ಬರುತ್ತದೋ ಈ ಎಣ್ಣೆ. ನಾಲ್ಕರ ಬದಲು ಐದು ಸಲ ತೊಳೆಯಲು ಹೇಳಿದೆ.

ನನ್ನ ಭುಜ ಬಿದ್ದುಹೋಗಿದೆ. ಎರಡನೇ ಮೆಷಿನ್ ಕೆಟ್ಟು ಹತ್ತು ದಿನ. ಅದರ ಕೆಲಸವೂ ಒಂದನೆಯದಕ್ಕೆ, ಅಂದರೆ ನನಗೆ.

ಜೂನ್ 9

ಎಣಿಸಲು ಆಗುತ್ತಿಲ್ಲ. ಮೊಡವೆ ಯಾವುದು, ಎದ್ದ ಸಿಪ್ಪೆ ಯಾವುದು ತಿಳಿಯುತ್ತಿಲ್ಲ. ಕೆನ್ನೆಯೆಲ್ಲ ಹಳೇ ಗೋಡೆಯ ಬಣ್ಣದ ಹಾಗೆ ಸುಲಿಯುತ್ತಿದೆ. "ಬಿಗೀತಾ ಇದೆ ಅಮ್ಮ, ನಕ್ಕರೆ ಹರಿಯುತ್ತೆ ಅನ್ಸುತ್ತೆ" ಅನ್ನುತ್ತಾಳೆ. ನಗುವಂಥದ್ದು ಏನಿದೆ ಈಗ, ಅಂದುಬಿಟ್ಟೆ. ಅನ್ನಬಾರದಿತ್ತು.

ಇಸ್ತ್ರಿ ಅಕ್ಕ ಇವತ್ತು ಮಗಳ ಬಗ್ಗೆ ಕೇಳಿದಳು. ಇವಳು ನಮ್ಮಲ್ಲಿ ದೊಡ್ಡ ಇಸ್ತ್ರಿ ರೋಲರ್ ನಡೆಸುವವಳು, ನನಗಿಂತ ಹತ್ತು ವರ್ಷ ಹಿರಿಯಳು, ಹುಟ್ಟಿನಿಂದ ಕಿವಿ ಕೇಳದು. ಮಗಳು ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಲಾಂಡ್ರಿಗೇ ಬಂದು ಬಟ್ಟೆ ಮೂಟೆಯ ಮೇಲೆ ಕೂತು ಇವಳ ಹತ್ತಿರ ಸನ್ನೆ ಕಲಿತದ್ದು. ಜೊತೆಗೆ ಇಪ್ಪತ್ತು ವರ್ಷ ಕೆಲಸ ಮಾಡಿದ ನನಗೆ ಬರುವುದು ಬಿಸಿ, ನಿಲ್ಲಿಸು, ಊಟ, ಎರಡು ಬೈಗುಳ. ಉಳಿದದ್ದಕ್ಕೆ ಚೀಟಿ. ಇವತ್ತು ಚೀಟಿಯಲ್ಲಿ, "ನಿನ್ನ ಮಗಳಿಗೆ ನನ್ನ ಮೇಲೆ ಕೋಪವಾ? ಮೂರು ತಿಂಗಳಾಯಿತು ಬಂದು" ಅಂತ ಬರೆದಿದ್ದಳು. ಓದಲಿಕ್ಕಿದೆ ಅವಳಿಗೆ, ಅಂತ ಸುಳ್ಳು ಬರೆದುಕೊಟ್ಟೆ.

ಜೂನ್ 12, ಗುರುವಾರ

ಬರೆಯದೆ ಇದ್ದರೆ ನಿದ್ದೆ ಬರುವುದಿಲ್ಲ. ಬರೆದರೂ ಬರುವುದಿಲ್ಲ.

ಲಾಂಡ್ರಿಯಲ್ಲಿ ಸೋಪಿನ ಕ್ಷಾರ ಬಟ್ಟೆಯಲ್ಲಿ ಉಳಿಯಬಾರದು ಅಂತ ಕೊನೆಯ ನೀರಿಗೆ ಹುಳಿಪುಡಿ ಹಾಕುತ್ತೇವೆ, ಅಡಿಗೆಯದಲ್ಲ, ಆಮ್ಲದ ಪುಡಿ. ಹಾಕದಿದ್ದರೆ ಹಾಸುಬಟ್ಟೆ ಹಳದಿ ತಿರುಗುತ್ತದೆ, ಮಲಗಿದ ರೋಗಿಗಳ ಮೈ ಕೆರೆಯುತ್ತದೆ. ನಿನ್ನೆ ಡ್ರಮ್ಮಿನ ಮುಂದೆ ನಿಂತಾಗ ಥಟ್ಟನೆ ಹೊಳೆಯಿತು: ಮಗಳ ಮುಖ ಸುಲಿಯುತ್ತಿರುವುದೂ ಇದಕ್ಕೇ. ಸೋಪು ಉಳಿದಿದೆ, ಹುಳಿನೀರು ಬಿದ್ದಿಲ್ಲ. ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ನಕ್ಕೆ. ಒಂದು ಹಿಡಿ ಪುಡಿಯನ್ನು ಕಾಗದದಲ್ಲಿ ಕಟ್ಟಿ ತಂದೆ.

ಇವತ್ತು ಸಂಜೆ ಬಿಸಿನೀರಲ್ಲಿ ಅವಳ ಮುಖ ನಾನೇ ಉಜ್ಜಿದೆ. ಮಗ್ಗಿನಲ್ಲಿ ಪುಡಿ ಕಲಸಿದೆ. ಅಳತೆ ನೋಡಲಿಲ್ಲ, ಕಣ್ಣಳತೆ. ಇಪ್ಪತ್ತು ವರ್ಷದ ಕಣ್ಣಳತೆ ನನ್ನದು, ಒಂದು ಸಲ ತಪ್ಪಿಲ್ಲ. ಆದರೆ ಅದು ನಲವತ್ತು ಕೆಜಿ ಬಟ್ಟೆಯ ಕಣ್ಣಳತೆ. "ಕಣ್ಣು ಮುಚ್ಚು" ಅಂದು ಬಟ್ಟೆ ಅದ್ದಿ ಎರಡೂ ಕೆನ್ನೆಗೆ ಒತ್ತಿ ಹಿಡಿದೆ. "ಉರೀತಿದೆ ಅಮ್ಮ" ಅಂದಳು. "ಉರಿದ್ರೆ ಕೆಲಸ ಮಾಡ್ತಿದೆ ಅಂತ, ಸ್ವಲ್ಪ ತಡ್ಕೋ" ಅಂದೆ. ತಡೆದುಕೊಂಡಳು. ನನ್ನ ಮಾತು ನಂಬಿ ತಡೆದುಕೊಂಡಳಲ್ಲ. ಆಮೇಲೆ ಕೂಗಿದಳು.

ತಣ್ಣೀರು ಹಾಕಿ ಹಾಕಿ ಬಕೆಟ್ ಖಾಲಿಯಾಯಿತು. ಬಲಗೆನ್ನೆಯಲ್ಲಿ ಅಂಗೈಯಗಲ ಕೆಂಡದ ಹಾಗೆ ಎದ್ದಿದೆ. ಮನೆಯವರು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 13

ಕೆಲಸಕ್ಕೆ ಹೋದೆ. ಬೇರೆ ಏನೂ ಬರೆಯುವಂಥದ್ದಿಲ್ಲ.

ಜೂನ್ 16, ಸೋಮವಾರ

ಚರ್ಮದ ಡಾಕ್ಟರ ಹತ್ತಿರ ಹೋಗಿ ಬಂದೆವು. ನಾಲ್ಕು ದಿನದಿಂದ ಮಗಳು ನನ್ನ ಜೊತೆ ನೇರ ಮಾತಾಡಿಲ್ಲ. "ಅಪ್ಪ, ಅಮ್ಮಂಗೆ ಹೇಳು ಬಸ್ ಬಂತು ಅಂತ." ನಾನು ಪಕ್ಕದಲ್ಲೇ ನಿಂತಿದ್ದೇನೆ. ಅವರೂ ಪುಣ್ಯಾತ್ಮರು, "ಬಸ್ ಬಂತಂತೆ ಕಣೇ" ಅಂತ ತಲುಪಿಸುತ್ತಾರೆ.

ಡಾಕ್ಟರಮ್ಮ ವಯಸ್ಸಾದವರು, ಮೂಗಿನ ತುದಿಯಲ್ಲಿ ಕನ್ನಡಕ, ಅಲ್ಲೇ ಕೋಪ. ಏನೇನು ಹಾಕಿದಿರಿ, ಮೊದಲಿಂದ ಹೇಳಿ, ಅಂದರು. ರಿಜಿಸ್ಟರ್ ಒಪ್ಪಿಸುವವಳ ಹಾಗೆ ಒಪ್ಪಿಸಿದೆ. ಅವರು ಪೆನ್ನು ಕೆಳಗಿಟ್ಟರು.

"ದಿನಕ್ಕೆ ಐದು ಸಲ. ಬಿಸಿನೀರು. ಬಟ್ಟೆ ಸೋಪು. ಉಜ್ಜೋದು. ಅದರ ಮೇಲೆ ಹುಳಿ?"

"ಕ್ಷಾರ ಉಳೀಬಾರದು ಅಂತ..."

"ಕ್ಷಾರ ಉಳೀಬಾರದು, ಸರಿ. ಮಗಳು ಉಳೀಬೇಕಲ್ಲಮ್ಮ."

ಆಮೇಲೆ ಅವರು ಕುರ್ಚಿ ತಿರುಗಿಸಿ ಮಗಳ ಕಡೆಗೇ ಕೂತರು. "ಬರೀ ನೀರಲ್ಲಿ ತೊಳೆದು ಅರ್ಧ ಗಂಟೆ ಬಿಟ್ರೆ ಮುಖ ಎಲ್ಲಿ ಜಿಡ್ಡಾಗುತ್ತೆ, ಎಲ್ಲಿ ಬಿಗಿಯುತ್ತೆ?" ನಾನು ಬಾಯಿ ತೆಗೆದೆ, "ಹಣೆ ಹತ್ರ..." ಅವರು ಕೈ ಎತ್ತಿದರು. "ಮುಖ ಯಾರದು?" ಮಗಳು ಹೇಳಿದಳು, ಹಣೆ ಮೂಗು ಜಿಡ್ಡು, ಕೆನ್ನೆ ಬಿಗಿತ. ಒಂದೇ ಮುಖದಲ್ಲಿ ಎರಡು ಥರದ ಚರ್ಮ ಇದೆ ನಿನಗೆ, ಅಂದರು. ಉಜ್ಜಿ ಉಜ್ಜಿ ಇದ್ದಬದ್ದ ಎಣ್ಣೆಯೆಲ್ಲ ತೆಗೆದು, ಚರ್ಮದ ಮೇಲಿನ ಕಾಪೇ ಹೋಗಿದೆ. ಮೊಡವೆ ಕೊಳೆಯಿಂದ ಬಂದಿದ್ದಲ್ಲ, ತೊಳೆದು ಓಡಿಸಲಿಕ್ಕೆ. ಮೊದಲು ಸುಟ್ಟದ್ದು ಮಾಯಲಿ, ಆಮೇಲೆ ಮೊಡವೆಗೆ ಮುಲಾಮು.

ಚೀಟಿ ಅವಳ ಕೈಗೇ ಕೊಟ್ಟರು. ಬೆಳಿಗ್ಗೆ ಬರೀ ಉಗುರುಬೆಚ್ಚಗಿನ ನೀರು. ಸಂಜೆ ಸೋಪಿಲ್ಲದ, ವಾಸನೆಯಿಲ್ಲದ ತೊಳೆಯುವ ದ್ರವ, ಬೆರಳ ತುದಿಯಲ್ಲಿ, ಅರ್ಧ ನಿಮಿಷ. ಮೆತ್ತನೆ ಬಟ್ಟೆಯಲ್ಲಿ ಒತ್ತಿಕೊಳ್ಳುವುದು. ಮುಖ ಹಸಿಯಿರುವಾಗಲೇ ತೇವದ ಕ್ರೀಮು. ಹೊಸದು ಏನೇ ಹಾಕುವುದಿದ್ದರೂ ಮೊದಲು ದವಡೆಯ ಕೆಳಗೆ ಚೂರು ಹಚ್ಚಿ ಎರಡು ಮೂರು ದಿನ ಕಾಯುವುದು.

"ಜುಲೈ 26ಕ್ಕೆ ಪರೀಕ್ಷೆ ಇದೆ ಡಾಕ್ಟ್ರೇ, ಅಷ್ಟರಲ್ಲಿ ಹೋಗುತ್ತಾ?" ನಾನೇ ಕೇಳಿದ್ದು.

"ಅಷ್ಟರಲ್ಲಿ ಪೂರ್ತಿ ಹೋಗಲ್ಲ. ಹೇಗಿದೆಯೋ ಹಾಗೆ ಹೋಗಿ ಬರ್ಲಿ."

ಅಲ್ಲಿಗೆ ಮುಗಿಯಿತು ಅನ್ನಿಸಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಗೆ ಹಣೆ ಕೊಟ್ಟು ಕೂತಿದ್ದಳು. ಮಾಸ್ಕ್ ಹಾಕಲು ಡಾಕ್ಟರು ಬೇಡ ಅಂದದ್ದಕ್ಕೆ ಸ್ಕಾರ್ಫ್ ಸಡಿಲವಾಗಿ ಸುತ್ತಿಕೊಂಡಿದ್ದಳು. ನಾನು ಅಪರಾಧಿಯಂತೆ ಅವಳ ಚೀಲ ಹಿಡಿದುಕೊಂಡು ಕೂತಿದ್ದೆ.

ಜೂನ್ 19

ಉಣ್ಣೆ ಕಂಬಳಿ ಲೋಡು. ಹೊಸದಾಗಿ ಸೇರಿದವಳು ಬಿಸಿನೀರಿನ ಗುಂಡಿ ಒತ್ತಲು ಹೋದಳು. "ಕಣ್ಣು ಕಾಣಲ್ವಾ? ಉಣ್ಣೆ ಅದು! ತಣ್ಣೀರು, ಸೌಮ್ಯ ಸೋಪು, ಉಜ್ಜೋ ಹಾಗಿಲ್ಲ, ಹಿಂಡೋ ಹಾಗಿಲ್ಲ. ಅಷ್ಟೂ ಗೊತ್ತಾಗಲ್ವಾ?" ಅಂತ ಬೈದೆ. ಬೈಯುತ್ತಾ ಬೈಯುತ್ತಾ ಮಗಳ ಕೆನ್ನೆ ನೆನಪಾಯಿತು. ಹೋಗಿ ಮೂಟೆಗಳ ಹಿಂದೆ ಕೂತುಬಿಟ್ಟೆ. ಸಂಜೆ ಅವಳಿಗೆ ಸಾರಿ ಅಂದೆ. ಪಾಪ, ಬೆಪ್ಪಾಗಿ ನೋಡಿದಳು.

ಜೂನ್ 21

ಹಣೆ 16, ಗದ್ದ 8. ಕೆನ್ನೆ ಹತ್ತಿರ ಹೋಗಲು ಬಿಡುವುದಿಲ್ಲ.

ದಿನಾ ಅರ್ಧ ನಿಮಿಷ ತೊಳೆದರೆ ಏನು ಹೋಗುತ್ತದೆ? ಬಚ್ಚಲ ಬಾಗಿಲಾಚೆ ನಿಂತು ಕೇಳಿಸಿಕೊಳ್ಳುತ್ತೇನೆ. ನೀರಿನ ಸದ್ದು ಶುರುವಾಗುವಷ್ಟರಲ್ಲಿ ನಿಂತಿರುತ್ತದೆ. ಒಳಗೆ ನುಗ್ಗಿ ಇನ್ನೊಂದು ಸಲ ತೊಳೆಸಲೇ ಅನ್ನಿಸುತ್ತದೆ. ಕೈಯನ್ನು ಕೈಯಿಂದ ಹಿಡಿದುಕೊಂಡು ಅಡಿಗೆಮನೆಗೆ ಹೋಗುತ್ತೇನೆ.

ಜೂನ್ 27

ಸುಸ್ತು. ಎರಡನೇ ಮೆಷಿನ್ ರಿಪೇರಿಯಾಗಿ ಬಂತು, ಒಂದನೆಯದು ಕೆಟ್ಟಿತು. ನನ್ನನ್ನು ಯಾರು ರಿಪೇರಿ ಮಾಡುತ್ತಾರೋ ನೋಡಬೇಕು.

ಜುಲೈ 1

ಮಗಳು ಮಾತಾಡಿದಳು. "ಟವಲು ಬೇರೆ ಇದ್ಯಾ? ಮೆತ್ತಂದು." ಅಪ್ಪನ ಮೂಲಕ ಅಲ್ಲ, ನನಗೇ. ಲಾಂಡ್ರಿಯಲ್ಲಿ ನೂರಾರು ಸಲ ತೊಳೆದು ಸವೆದ ಮಗುವಿನ ಹಾಸಿಗೆ ಬಟ್ಟೆಗಳನ್ನು ಚಿಂದಿಗೆ ಹಾಕುತ್ತೇವೆ. ಕೇಳಿ ಎರಡು ತಂದೆ, ಬೆಣ್ಣೆಯಂಥವು. ಮನೆಯಲ್ಲಿ ಸೋಪಿಲ್ಲದೆ ಕುದಿಸಿ, ನೆರಳಲ್ಲಿ ಒಣಗಿಸಿ, ಕೈಯಗಲಕ್ಕೆ ಹನ್ನೆರಡು ತುಂಡು ಕತ್ತರಿಸಿ ಅಂಚು ಹೊಲಿದೆ. ದಿನಕ್ಕೊಂದು. ಕಪಾಟಿನಲ್ಲಿ ಇಟ್ಟು ಸುಮ್ಮನೆ ಬಂದೆ. ಅವಳಾಗಿ ನೋಡಿಕೊಳ್ಳಲಿ.

ಕೆನ್ನೆಯ ಕೆಂಡ ಕಂದಾಗಿದೆ ಅಂತ ಮನೆಯವರು ಹೇಳಿದರು. ಇನ್ನು ಮೊಡವೆಯ ಮುಲಾಮು ಶುರುಮಾಡಬಹುದಂತೆ, ಫೋನಿನಲ್ಲಿ ಡಾಕ್ಟರನ್ನು ಅವಳೇ ಕೇಳಿಕೊಂಡಳು.

ಜುಲೈ 6, ಭಾನುವಾರ

ಪಕ್ಕದ ಮನೆಯಾಕೆ ಒಂದು ಕಪ್ಪು ಸೋಪು ತಂದುಕೊಟ್ಟರು. ಅವರ ತಂಗಿಯ ಮಗಳಿಗೆ ವಾರದಲ್ಲಿ ಮುಖ ಗಾಜಿನ ಹಾಗೆ ಆಯಿತಂತೆ. ವಾರದಲ್ಲಿ! ಒಂದು ಗಂಟೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಇನ್ನೂ ಇಪ್ಪತ್ತು ದಿನ ಇದೆ, ವಾರ ಸಾಕು, ಎರಡು ವಾರ ಉಳಿಯುತ್ತದೆ.

ಮಗಳ ರೂಮಿಗೆ ಹೋಗಿ, "ಇದೊಂದು ಇದೆ. ಹಚ್ಕೊಳ್ತೀಯಾ?" ಅಂದೆ.

ವಾಸನೆ ನೋಡಿದಳು, ಹಿಂದಿನ ಸಣ್ಣಕ್ಷರ ಓದಿದಳು. "ಅವಳ ಮುಖಕ್ಕೆ ಒಗ್ಗಿದೆ. ನಂದು ಬೇರೆ. ಬೇಡ ಅಮ್ಮ."

"ಸರಿ" ಅಂದೆ. ಮನೆಯವರ ಕಾಲು ತೊಳೆಯಲು ಬಚ್ಚಲಲ್ಲಿ ಇಟ್ಟಿದ್ದೇನೆ.

ಜುಲೈ 10

ಮುಲಾಮು ಹಣೆಗೆ ಮಾತ್ರ, ರಾತ್ರಿ ಬಿಟ್ಟು ರಾತ್ರಿ, ಕಡಲೆಬೀಜದಷ್ಟು. ಕೆನ್ನೆಗೆ ಇನ್ನೊಂದು ವಾರದ ನಂತರ. ಇದೆಲ್ಲ ಅವಳು ಹೇಳಿದ್ದು. ಹೇಳುತ್ತಾ ಹೇಳುತ್ತಾ ನನ್ನ ಮುಖ ನೋಡಿ, "ನಿನ್ನ ತುಟಿ ಒಡೆದಿದೆಯಲ್ಲ" ಅಂತ ತನ್ನ ಕ್ರೀಮಿನ ಡಬ್ಬಿ ಮುಂದಿಟ್ಟಳು. ನನಗ್ಯಾಕೆ ಅದೆಲ್ಲ, ಅಂದೆ. ಹಚ್ಚಿಕೊಂಡೆ.

ಪರೀಕ್ಷೆಯ ಮಾತು ಎತ್ತಿದರೆ ಎದ್ದು ಹೋಗುತ್ತಾಳೆ. ಮುಖ ಶುರುವಿಗಿಂತ ವಾಸಿ, ಆದರೆ ವಾಸಿಯಾಗಿಲ್ಲ. ಬಲಗೆನ್ನೆಯಲ್ಲಿ ನನ್ನ ಕೈಯಷ್ಟು ದೊಡ್ಡ ಕಂದು ಕಲೆ. ಅದು ನನ್ನದೇ ಕೆಲಸ, ಮೊಡವೆಯದಲ್ಲ. ಮೊಡವೆಗೆ ಹೆದರಿ ಪರೀಕ್ಷೆ ಬಿಟ್ಟಿದ್ದರೆ ಅವಳ ಹಣೆಬರಹ ಅನ್ನಬಹುದಿತ್ತು. ಈಗ ಬಿಟ್ಟರೆ ನಾನು ಬಿಡಿಸಿದ್ದು. ಇದನ್ನು ಯಾರ ಹತ್ತಿರ ಹೇಳಲಿ?

ಜುಲೈ 13, ಭಾನುವಾರ

ನಿನ್ನೆ ಇಸ್ತ್ರಿ ಅಕ್ಕನಿಗೆ ನಿಜ ಬರೆದುಕೊಟ್ಟೆ. ಹುಳಿನೀರಿನ ತನಕ ಎಲ್ಲ. ಮೂರು ಚೀಟಿ ಹಿಡಿಯಿತು. ಓದಿ ನನ್ನ ಕಡೆ ಆ ಎರಡು ಬೈಗುಳದಲ್ಲಿ ದೊಡ್ಡದನ್ನು ಬೀಸಿದಳು. ಇವತ್ತು ರಜೆಯೆಂದು ಮನೆಗೇ ಬಂದಳು.

ಮಗಳು ರೂಮಿನಿಂದ ಬಂದಳು, ಕಣ್ಣಿನ ಕೆಳಗೆಲ್ಲ ಸ್ಕಾರ್ಫು. ಕೈಯಾಡಿಸಿ ಏನೋ ಹೇಳಿದಳು. ಅಕ್ಕ ಕಣ್ಣು ಮುಚ್ಚಿಕೊಂಡುಬಿಟ್ಟಳು. ಕಿವಿ ಕೇಳದವರು ಕಣ್ಣು ಮುಚ್ಚಿದರೆ ಮುಗಿಯಿತು, ಲೋಕವೇ ಕೂಗಿಕೊಂಡರೂ ಅವರಿಗಿಲ್ಲ. ಮಗಳು ಭುಜ ತಟ್ಟಿದಳು. ಇಲ್ಲ. ಮೊಣಕಾಲು ಅಲ್ಲಾಡಿಸಿದಳು. ಊಹೂಂ. ಅಕ್ಕ ಕಲ್ಲಿನ ಹಾಗೆ ಕೂತು, ಒಂದು ಕೈಯನ್ನು ಮಾತ್ರ ತನ್ನ ಬಾಯಿ ಮೂಗಿಗೆ ಮುಚ್ಚಿ ತೋರಿಸಿ, ಬೇಡ ಎಂದು ಬೆರಳಾಡಿಸಿದಳು. ಮನೆಯವರು, "ಇದೊಳ್ಳೆ ಉಪಾಯ, ನಿಮ್ಮಮ್ಮ ಬೈಯುವಾಗ ನಾನೂ ಮಾಡಬಹುದು" ಅಂದರು.

ಹತ್ತು ನಿಮಿಷವಾದರೂ ಆಯಿತು. ಕೊನೆಗೆ ಮಗಳು ಸ್ಕಾರ್ಫ್ ಕಿತ್ತು ಅಕ್ಕನ ತೊಡೆಯ ಮೇಲೆ ಎಸೆದಳು. ಅಕ್ಕ ಕಣ್ಣು ತೆರೆದು ಅವಳನ್ನು ನೋಡಿದಳು, ಕೆನ್ನೆಯನ್ನಲ್ಲ, ಎಂದಿನಂತೆ ನೋಡಿ, ಕೂಡಲೇ ಏನೋ ಜಗಳ ಶುರುಮಾಡಿದಳು. ಇಬ್ಬರ ಕೈಯೂ ಹಾರಾಡುತ್ತಿತ್ತು. ನನಗೆ ಒಂದಕ್ಷರ ತಿಳಿಯಲಿಲ್ಲ. ಇಪ್ಪತ್ತು ವರ್ಷ ದಂಡ. ಹೋಗುವಾಗ ಅಕ್ಕ ಚೀಟಿ ಕೊಟ್ಟಳು: "ಮುಖ ಮುಚ್ಚಿ ಮಾತಾಡುವುದು ಬಾಯಿಗೆ ಬಟ್ಟೆ ತುರುಕಿಕೊಂಡು ಮಾತಾಡಿದ ಹಾಗೆ. ಅವಳಿಗೆ ಗೊತ್ತು. ಪರೀಕ್ಷೆಗೆ ಬರುತ್ತೇನೆ ಅಂದಿಲ್ಲ, ಬರುವುದಿಲ್ಲ ಅಂತಲೂ ಅಂದಿಲ್ಲ."

ಜುಲೈ 18

ದಿನಾ ಸಂಜೆ ಕನ್ನಡಿ ಮುಂದೆ ಕೂತು ಅಭ್ಯಾಸ ಮಾಡುತ್ತಾಳೆ, ಬಾಗಿಲು ಹಾಕಿಕೊಂಡು. ಮನೆಯೊಳಗೆ ಸ್ಕಾರ್ಫ್ ಇಲ್ಲ, ಹೊರಗೆ ಹೊರಟರೆ ಇದೆ. ಇವತ್ತು ನಾನು ಬಂದಾಗ ಅವಳೇ ಚಹಾ ಮಾಡಿದ್ದಳು. ಇಬ್ಬರೂ ಅಡಿಗೆಮನೆಯ ಕಟ್ಟೆಗೆ ಒರಗಿ ಕುಡಿದೆವು. ಮೆಷಿನ್ನಿನ ಕಥೆ ಹೇಳಿದೆ, ಅಕ್ಕ ಮೇಲ್ವಿಚಾರಕನಿಗೆ ಮಾಡಿದ ಅಣಕ ಹೇಳಿದೆ. ಬಾಯಿ ತುಂಬ ನಕ್ಕಳು. ಒಳಗಿನ ಹಲ್ಲೊಂದು ವಾರೆ ಇದೆ ಅವಳಿಗೆ, ಅವರಪ್ಪನ ಹಾಗೆ. ಇವತ್ತು ಕಂಡೆ.

ಜುಲೈ 22

"ಒತ್ತಾಯ ಮಾಡಿದ್ರೆ ಬರಲ್ಲ" ಅಂದಳು. ನಾನು ಏನೂ ಅಂದಿರಲಿಲ್ಲ. ಇಸ್ತ್ರಿ ಮಾಡಿದ ಕಪ್ಪು ಅಂಗಿಯನ್ನು ಅವಳ ಕುರ್ಚಿಗೆ ಹಾಕಿದ್ದೆ, ಅಷ್ಟೆ. ಎತ್ತಿಕೊಂಡು ಬರಲು ಹೋದೆ. "ಅಂಗಿ ಇರ್ಲಿ" ಅಂದಳು.

ಜುಲೈ 25

ಮನೆಯವರು, "ಪಾಸಾಗೋದು ಆಮೇಲಿನ ಮಾತು. ಬಾಗಿಲ ತನಕ ಹೋದ್ರೆ ನಾನು ಗೆದ್ದೆ ಅಂದ್ಕೊಳ್ತೀನಿ" ಅಂದರು. ಅವರು ಹೀಗೆ ನೇರವಾಗಿ ಮಾತಾಡುವುದು ವರ್ಷಕ್ಕೊಂದು ಸಲ.

ಜುಲೈ 26, ಶನಿವಾರ

ಎಂಟು ಗಂಟೆಗೆ ಕಪ್ಪು ಅಂಗಿ ಹಾಕಿ, ಕೂದಲು ಎತ್ತಿ ಕಟ್ಟಿ, ಸ್ಕಾರ್ಫ್ ಸುತ್ತಿಕೊಂಡು ಬಂದು "ನಡಿ" ಅಂದಳು. ಎಲ್ಲಿಗೆ ಅಂತ ಕೇಳಲಿಲ್ಲ. ಚಪ್ಪಲಿ ಅದಲು ಬದಲಾಗಿ ಹಾಕಿಕೊಂಡೆ. ಇಸ್ತ್ರಿ ಅಕ್ಕ ಬಸ್ ಸ್ಟಾಪಿನಲ್ಲಿ ಸಿಕ್ಕಳು, ಮದುವೆಗೆ ಹೊರಟವಳ ಹಾಗೆ ತಯಾರಾಗಿದ್ದಳು.

ಉದ್ದದ ಓಣಿ, ಎರಡೂ ಕಡೆ ಬೆಂಚು, ಹನ್ನೊಂದು ಹುಡುಗ ಹುಡುಗಿಯರು. ಎಲ್ಲರ ಮುಖವೂ ನುಣ್ಣಗೆ ಕಂಡಿತು ನನಗೆ. ಮಗಳ ಸರದಿ ಬಂತು. ಬಾಗಿಲ ಮುಂದೆ ನಿಂತಳು. ನಿಂತೇ ಇದ್ದಳು. ಒಳಗಿನಿಂದ ಒಬ್ಬರು ಬಂದು, ಒಳಗೆ ಬರ್ತೀರಾ, ಇಲ್ಲಾ ಮುಂದಿನವರನ್ನ ಕರೀಲಾ, ಅಂದರು. ಹೋಗು ಅನ್ನಬೇಕು ಅನ್ನಿಸಿತು, ಅನ್ನಲಿಲ್ಲ. ಬೇಡ ಬಿಡು, ಮನೆಗೆ ಹೋಗೋಣ, ಅನ್ನಬೇಕು ಅಂತಲೂ ಅನ್ನಿಸಿತು. ಸ್ಕಾರ್ಫ್ ಬಿಚ್ಚಿದಳು. ಯಾರ ಕೈಗೆ ಕೊಡುವುದೆಂದು ನೋಡಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಬಾಗಿಲಿನಲ್ಲಿ ಚೌಕ ಗಾಜು. ಅಕ್ಕ ಮತ್ತು ನಾನು ತಲೆಗೆ ತಲೆ ತಾಗಿಸಿ ನಿಂತೆವು. ಮೂವರು ಪರೀಕ್ಷಕರು, ಒಂದು ಕ್ಯಾಮೆರಾ, ಬಿಳೀ ದೀಪ. ಆ ದೀಪದಲ್ಲಿ ಹಣೆಯ ಒಂದೊಂದು ಗುಳ್ಳೆಯೂ, ಬಲಗೆನ್ನೆಯ ಕಲೆಯೂ ಎದ್ದು ಕಾಣುತ್ತಿತ್ತು. ಮನೆಯಲ್ಲಿ ನಡೆದ ಒಂದು ಘಟನೆ ಹೇಳಿ, ಅಂತ ವಿಷಯ ಕೊಟ್ಟರೆಂದು ಅಕ್ಕ ನನ್ನ ಅಂಗೈ ಮೇಲೆ ಬೆರಳಲ್ಲಿ ಬರೆದು ತಿಳಿಸಿದಳು.

ಮಗಳು ಶುರುಮಾಡಿದಳು. ಸನ್ನೆ ತಿಳಿಯದ ನನಗೂ ತಿಳಿಯಿತು, ಯಾಕೆಂದರೆ ಅವಳ ಮುಖ ನನ್ನ ಮುಖವಾಗಿತ್ತು. ನನ್ನ ಹುಬ್ಬು, ನನ್ನ ಬಿಗಿದ ತುಟಿ, ಸುಸ್ತಾದಾಗ ಒಂದು ಭುಜ ಇಳಿಬಿಡುವ ನನ್ನ ರೀತಿ. ಹಿಂದೆ ನಿಂತು ಕನ್ನಡಿಯಲ್ಲಿ ಮೊಡವೆ ಎಣಿಸುವ ನಾನು. ತೋಳು ಮಡಚಿ ಉಜ್ಜುವ ನಾನು, ಬೆರಳಿಟ್ಟು ಕಿರ್ ಅನ್ನಿಸಿ ಬೀಗುವ ನಾನು. ಒಳಗೆ ಮೂವರೂ ನಗುತ್ತಿದ್ದರು, ಅಕ್ಕನ ಹೊಟ್ಟೆ ಕುಲುಕುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಕಂಡವರ ಮುಂದೆ ಹೆತ್ತವಳ ಮಾನ ಕಳೆಯುತ್ತಿದ್ದಾಳಲ್ಲ! ಮಗ್ಗು ಬಂತು. ಬಟ್ಟೆ ಅದ್ದಿದಳು, ಒತ್ತಿದಳು, ಕೂಗಿದಳು, ಸದ್ದಿಲ್ಲದೆ. ನಗು ನಿಂತಿತು.

ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡೆ. ಮುಗಿಯಲಿಲ್ಲ. ಅವಳು ಬಾಗಿಲ ಸಂದಿಯಿಂದ ಇಣುಕುವ ಹುಡುಗಿಯಾದಳು. ಮತ್ತೆ ನಾನಾದಳು. ಬೆಳಗಿನ ಹೊತ್ತು, ಕೆಲಸಕ್ಕೆ ಹೋಗುವ ಬಟ್ಟೆಯಲ್ಲಿ ಬಚ್ಚಲಲ್ಲಿ ನಿಂತ ಹೆಂಗಸು. ಮಗ್ಗಿನಲ್ಲಿ ಉಳಿದ ಅದೇ ಹುಳಿನೀರಿಗೆ ಬಟ್ಟೆ ಅದ್ದಿ, ತನ್ನ ಎರಡೂ ಕೆನ್ನೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತವಳು. ಮಗಳು ತಡೆದುಕೊಂಡಷ್ಟು ಹೊತ್ತು. ಅದಕ್ಕಿಂತ ಒಂದಿಷ್ಟು ಹೆಚ್ಚು.

ಜೂನ್ 13ರ ಬೆಳಿಗ್ಗೆ. ಅದನ್ನು ನಾನು ಇಲ್ಲಿ ಬರೆದಿರಲಿಲ್ಲ. ಯಾರೂ ನೋಡಿಲ್ಲ ಅಂದುಕೊಂಡಿದ್ದೆ. ಅಕ್ಕ ತಿರುಗಿ ನನ್ನ ಕೆನ್ನೆ ನೋಡಿದಳು, ನಿಜವಾ ಎಂದು ಹುಬ್ಬಿನಲ್ಲೇ ಕೇಳಿದಳು. ನಾನು ಗಾಜಿನಿಂದ ಹಿಂದೆ ಸರಿದೆ.

ಹೊರಗೆ ಬಂದಾಗ ಮಗಳು ಬೆವೆತಿದ್ದಳು. ಫಲಿತಾಂಶ ಹದಿನೈದು ದಿನಕ್ಕಂತೆ. ಅಕ್ಕ ಅವಳನ್ನು ತಬ್ಬಿಕೊಂಡು ಆ ದೊಡ್ಡ ಬೈಗುಳವನ್ನೇ ಪ್ರೀತಿಯಿಂದ ಮಾಡಿ ತನ್ನ ಬಸ್ಸು ಹತ್ತಿದಳು. ನಾವಿಬ್ಬರೂ ನಮ್ಮ ಬಸ್ಸಿಗೆ ಕಾದೆವು. ಸ್ಕಾರ್ಫು ನನ್ನ ಕೈಯಲ್ಲೇ ಇತ್ತು, ಅವಳು ಕೇಳಲಿಲ್ಲ. ಮಧ್ಯಾಹ್ನದ ಬಿಸಿಲು, ಸ್ಟಾಪಿನ ತುಂಬ ಜನ.

"ನೋಡಿದ್ಯಾ?" ಅಂದಳು.

"ನೋಡ್ದೆ."

"ಕೋಪ ಬಂತಾ?"

"ಬಂತು. ನಾನು ಅಷ್ಟು ಕೆಟ್ಟದಾಗಿ ಹುಬ್ಬು ಗಂಟು ಹಾಕ್ತೀನಾ?"

"ಅದಕ್ಕಿಂತ ಕೆಟ್ಟದಾಗಿ." ಆಮೇಲೆ ನನ್ನ ಕಡೆ ತಿರುಗಿದಳು, ಮುಖ ಪೂರ್ತಿ. "ಆವತ್ತು ಉರೀತಾ ಅಮ್ಮ ನಿಂಗೆ?"

"ಇಲ್ಲಪ್ಪ. ಏನಿಲ್ಲ."

"ಸುಳ್ಳು ಹೇಳ್ಬೇಡ. ನಂಗೂ ಅದೇ ನೀರಲ್ವಾ ಹಾಕಿದ್ದು."

ಬಸ್ ಬಂದು ನಿಂತಿತು, ಜನ ನಮ್ಮನ್ನು ದಾಟಿಕೊಂಡು ಹತ್ತಿದರು. ನಾವು ಹತ್ತಲಿಲ್ಲ.

"ಉರೀತು ಕಣೇ" ಅಂದೆ. "ತುಂಬಾನೇ ಉರೀತು."